ಬೀಗರೂಟದ ಡಬರಿ: ಯಾರಿಗೆ ಎಷ್ಟು ಬೇಯಬೇಕು?

ಕಳೆದ ಮೇ ತಿಂಗಳಲ್ಲಿ ಚೇಳೂರಿನಲ್ಲಿ ನಮ್ಮ ಅಕ್ಕನ ಮಗಳ ಬೀಗರೂಟ. ಹಲಸಿನ ಕಾಲ. ಮಾರುಕಟ್ಟೆಯ ಕಡೆಗೆ ಹಲಸು ತುಂಬಿದ ಗಾಡಿಗಳು ಬೆಳಗಿನ ಜಾವದಿಂದಲೇ ಹೋಗುತ್ತಿದ್ದವು. ಅಕ್ಕನ ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಸೈಜುಗಲ್ಲು ಜೋಡಿಸಿ ಒಲೆ ಹೂಡಿದ್ದರು. ನಾಲ್ಕು ಟಗರು, ಸುಮಾರು 60 ಕಿಲೋ ಬಾಡು, 300 ಎಲೆ.

ಹನ್ನೊಂದು ಗಂಟೆಯ ಹೊತ್ತಿಗೆ ಡಬರಿಯ ಪಕ್ಕದಲ್ಲಿ ವಾಗ್ವಾದ ಶುರುವಾಯಿತು. "ಸಾಕು, ಇಳಿಸಣ್ಣ. ಬಾಡು ಹಲ್ಲಿಗೆ ಸಿಗಬೇಕು, ಗೊಜ್ಜಾಗಬಾರದು" ಎಂದು ನಮ್ಮ ಕಡೆಯ ಹುಡುಗರು. "ಇನ್ನೂ ಒಂದು ಗಂಟೆ ಬೇಯಲಿ ಕಣಪ್ಪ. ಬೀಗರ ಕಡೆ ತಾತನಿಗೆ ಹಲ್ಲೇ ಇಲ್ಲ. ಅವರು ಎಲೆ ಮೇಲೆ ಬಾಡು ಬಿಟ್ಟು ಎದ್ದರೆ ನಾಳೆ ನನ್ನ ಮಗಳು ಮಾತು ಕೇಳಬೇಕು" ಎಂದು ಅಕ್ಕ. ಮಧ್ಯೆ ಸೌಟು ಹಿಡಿದು ನಿಂತ ಅಡುಗೆಯವರು ನನ್ನ ಕಡೆ ತಿರುಗಿ, "ಡಾಕ್ಟ್ರು ಹೇಳಲಿ, ಹಂಗೇ ಮಾಡ್ತೀನಿ" ಎಂದರು. ನಾನು ಎಂಬಿಬಿಎಸ್ ಓದಿದವನು, ಅಡುಗೆ ಓದಿದವನಲ್ಲ. ಆದರೂ ಡಬರಿಯೊಳಗೆ ನಡೆಯುವುದರಲ್ಲಿ ಅರ್ಧ ಪಾಲು ವೈದ್ಯರಿಗೆ ಸಂಬಂಧಿಸಿದ್ದೇ.

ಮದುವೆಗೆಂದು ಅಮೆರಿಕದಿಂದ ಬಂದಿದ್ದ ಅಕ್ಕನ ಮಗ ಅಲ್ಲೇ ಇದ್ದ. "ಅಲ್ಲಿ ಈ ಜಗಳವೇ ಇಲ್ಲ ಮಾವ. ಒಂದೇ ತುಂಡಿನಲ್ಲಿ ಮೂರು ಥರದವರಿಗೂ ಬಡಿಸುತ್ತಾರೆ" ಎಂದ. ಅವನು ಹೇಳಿದ್ದು ಅಲ್ಲಿಯ ಹಬ್ಬದ ಊಟಗಳಲ್ಲಿ ಮಾಡುವ ದನದ ಮಾಂಸದ ರೋಸ್ಟ್ ಬಗ್ಗೆ. ನಮ್ಮ ಊಟದ ಎಲೆಗೆ ಬರುವ ಪದಾರ್ಥ ಅದಲ್ಲ. ಆದರೆ ಅದರ ಹಿಂದಿನ ಲೆಕ್ಕಾಚಾರ ತಿಳಿದರೆ ನಮ್ಮ ಡಬರಿಯ ಲೆಕ್ಕವೂ ಬಿಡಿಸಿಕೊಳ್ಳುತ್ತದೆ.

ನಾಲ್ಕೈದು ಕಿಲೋದ ಇಡೀ ತುಂಡನ್ನು ಕೊಚ್ಚದೆ ಹಾಗೇ ಓವನ್‌ನಲ್ಲಿಡುತ್ತಾರೆ. ಶಾಖ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತದೆ. ಹೊರಭಾಗ 75 ಡಿಗ್ರಿ ಸೆಲ್ಸಿಯಸ್ ದಾಟಿದಾಗಲೂ ನಟ್ಟನಡುವೆ 50ರ ಆಸುಪಾಸು ಮಾತ್ರ ಇರಬಹುದು. ಅದಕ್ಕೆಂದೇ ಕಡ್ಡಿಯಂಥ ಥರ್ಮಾಮೀಟರನ್ನು ತುಂಡಿನ ನಡುವೆ ಚುಚ್ಚಿ ನೋಡುತ್ತಾರೆ. ಹೊರತೆಗೆದ ಮೇಲೂ ಇಪ್ಪತ್ತು ನಿಮಿಷ ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಹೊರಗಿನ ಶಾಖ ಒಳಗೆ ಹರಿದು ನಡುಭಾಗ ಇನ್ನೂ ಮೂರು-ನಾಲ್ಕು ಡಿಗ್ರಿ ಏರುತ್ತದೆ. ಆಮೇಲೆ ಕೊಯ್ದರೆ ಎರಡೂ ತುದಿಯ ಹೋಳುಗಳು ಪೂರ್ತಿ ಬೆಂದಿರುತ್ತವೆ, ಅದರ ಪಕ್ಕದವು ನಸುಗೆಂಪು, ನಡುವಿನವು ಕೆಂಪು. ಯಾರಿಗೆ ಯಾವುದು ಬೇಕೋ ಅದು. ಇನ್ನೂ ಬೇಯಬೇಕೆನ್ನುವ ಅತಿಥಿಯ ಹೋಳನ್ನು ಕುದಿಯುವ ಸಾರಿನಲ್ಲಿ ಒಂದೆರಡು ನಿಮಿಷ ಅದ್ದಿ ಕೊಡುತ್ತಾರೆ. ಕಡಿಮೆ ಬೆಂದದ್ದನ್ನು ಹೆಚ್ಚು ಬೇಯಿಸಬಹುದು, ಹೆಚ್ಚು ಬೆಂದದ್ದನ್ನು ಹಿಂದಕ್ಕೆ ತರಲಾಗದು. (ಆ ಕೆಂಪು ರಸ ರಕ್ತವಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ವರ್ಣದ್ರವ್ಯ ನೀರಿನೊಡನೆ ಹೊರಬಂದದ್ದು.)

"ಅಷ್ಟು ಹಸಿ ತಿಂದರೂ ಅವರಿಗೆ ಏನೂ ಆಗುವುದಿಲ್ಲವೇ?" ಎಂದು ಅಡುಗೆಯವರು ಕೇಳಿದರು. ಒಳ್ಳೆಯ ಪ್ರಶ್ನೆ. ಆರೋಗ್ಯವಂತ ಪ್ರಾಣಿಯ ಸ್ನಾಯುವಿನ ಒಳಭಾಗದಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ಬರುವುದು ಕೊಯ್ಯುವಾಗ, ಚರ್ಮ ಸುಲಿಯುವಾಗ, ಕರುಳಿನಿಂದ, ಕೈಯಿಂದ, ಕತ್ತಿಯಿಂದ. ಬಂದವು ಮೇಲ್ಮೈ ಮೇಲೇ ಕೂರುತ್ತವೆ, ಆ ಮೇಲ್ಮೈ ಚೆನ್ನಾಗಿ ಸುಟ್ಟಿರುತ್ತದೆ. ಅಷ್ಟಾದರೂ ಅಮೆರಿಕದ ಸರ್ಕಾರ ಇಡೀ ತುಂಡಿನ ನಡುಭಾಗ 63 ಡಿಗ್ರಿ ಮುಟ್ಟಿ, ಮೂರು ನಿಮಿಷ ಹಾಗೇ ಇರಬೇಕೆಂದು ಹೇಳುತ್ತದೆ. ರುಚಿಗಾಗಿ ಅದಕ್ಕಿಂತ ಕಡಿಮೆ ಬೇಯಿಸಿ ತಿನ್ನುವವರು ತಿಳಿದೇ ಸ್ವಲ್ಪ ಅಪಾಯವನ್ನು ಒಪ್ಪಿಕೊಂಡವರು.

ಕೊಚ್ಚಿದ ಮಾಂಸದ ಕಥೆ ಬೇರೆ. ಕೊಚ್ಚುವಾಗ ಮೇಲಿದ್ದದ್ದೆಲ್ಲ ಒಳಗೆ ಹೋಗುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಕೈಮದ ಬರ್ಗರ್ ತಿಂದು 700ಕ್ಕೂ ಹೆಚ್ಚು ಮಂದಿಗೆ ರಕ್ತಭೇದಿಯಾಯಿತು, ನಾಲ್ಕು ಮಕ್ಕಳು ಸತ್ತರು. ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಒಂದು ಕ್ರೂರ ತಳಿ ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸಿತ್ತು. ಅಲ್ಲಿಂದಾಚೆಗೆ ಅಲ್ಲಿ ಕೈಮಕ್ಕೆ 71 ಡಿಗ್ರಿ ಎಂಬ ಮಾತು ಮನೆಮಾತಾಯಿತು. ನಮ್ಮಲ್ಲಿಯೂ ಬೀಗರೂಟದಲ್ಲಿ ಕೈಮ ಉಂಡೆ ಇದ್ದೇ ಇರುತ್ತದೆ. ದೊಡ್ಡ ಉಂಡೆ ಮಾಡಿ ಸಾರಿಗೆ ಬಿಟ್ಟು, ಮೇಲಕ್ಕೆ ತೇಲಿದ ಕೂಡಲೇ ಬಡಿಸುವವರುಂಟು. ಒಂದು ಉಂಡೆಯನ್ನು ಒಡೆದು ನೋಡಿ. ನಡುವೆ ಹಸಿ ಬಣ್ಣ, ಅಂಟು ಇದ್ದರೆ ಇನ್ನೂ ಕುದಿಯಲಿ. ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಕಟ್ಟದಿರುವುದೇ ಇದಕ್ಕೆ ಸುಲಭ ಉಪಾಯ.

ಹಲ್ಲಿಗೆ ಸಿಗುವುದು, ಬಾಯಲ್ಲಿ ಕರಗುವುದು

ಈಗ ನಮ್ಮ ಡಬರಿಗೆ ಬರೋಣ. ಇಲ್ಲಿ ಮಾಂಸವನ್ನು ಮೊದಲೇ ತುಂಡು ಮಾಡಿರುತ್ತೇವೆ, ನೀರಿನಲ್ಲಿ ಕುದಿಸುತ್ತೇವೆ. ಎಲ್ಲ ತುಂಡಿಗೂ ಒಂದೇ ಶಾಖ. ತುಮಕೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಎಷ್ಟೇ ಸೌದೆ ತುರುಕಿದರೂ ಅದರ ಮೇಲೆ ಹೋಗದು, ನೀರು ಬೇಗ ಆವಿಯಾಗುತ್ತದೆ ಅಷ್ಟೆ. ಆದ್ದರಿಂದ ರುಚಿಯ ವ್ಯತ್ಯಾಸವನ್ನು ನಾವು ಶಾಖದಿಂದ ತರಲಾರೆವು, ಹೊತ್ತಿನಿಂದ ತರಬೇಕು.

ಮಾಂಸ ಎಂದರೆ ಸ್ನಾಯುವಿನ ಎಳೆಗಳು ಮತ್ತು ಆ ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜೆನ್ ಎಂಬ ನಾರು. 50 ಡಿಗ್ರಿಯಿಂದ ಎಳೆಗಳ ಪ್ರೋಟೀನು ಗಟ್ಟಿಯಾಗತೊಡಗುತ್ತದೆ. 65-70 ದಾಟಿದಾಗ ಎಳೆಗಳು ಮುದುಡಿ ನೀರನ್ನು ಹಿಂಡಿ ಹೊರಹಾಕುತ್ತವೆ. ಆಗ ಮಾಂಸ ರಬ್ಬರಿನಂತೆ ಆಗುತ್ತದೆ. ಅರ್ಧ ಗಂಟೆ ಕುದಿದ ಟಗರಿನ ತುಂಡು ಹಸಿ ತುಂಡಿಗಿಂತ ಗಡುಸಾಗಿ ಕಾಣುವುದು ಇದಕ್ಕೇ. ಬಿಡದೆ ಕುದಿಸುತ್ತಾ ಹೋದರೆ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಟ್ಟು ಸಡಿಲವಾಗಿ ಎಳೆಗಳು ಬಿಡಿಬಿಡಿಯಾಗುತ್ತವೆ. ತಾತನ ಒಸಡಿಗೆ ಬೇಕಾದದ್ದು ಈ ಘಟ್ಟ. ಹುಡುಗರು ಕೇಳುವುದು ಇದಕ್ಕಿಂತ ಅರ್ಧ-ಮುಕ್ಕಾಲು ಗಂಟೆ ಹಿಂದಿನದು. ಎರಡೂ ಘಟ್ಟಗಳಲ್ಲಿ ಮಾಂಸ ಗಂಟೆಗಟ್ಟಲೆ ಕುದಿದಿರುವುದರಿಂದ ಸೂಕ್ಷ್ಮಜೀವಿಗಳ ಮಟ್ಟಿಗೆ ಎರಡೂ ಸುರಕ್ಷಿತ. ಹೀಗಾಗಿ ಇದು ರುಚಿಯ ಜಗಳ, ಆರೋಗ್ಯದ ಜಗಳವಲ್ಲ ಎಂದು ತೀರ್ಪು ಕೊಟ್ಟೆ.

ತುಂಡಿಗೂ ತುಂಡಿಗೂ ವ್ಯತ್ಯಾಸವಿದೆ. ಪ್ರಾಣಿ ಹೆಚ್ಚು ದುಡಿಸುವ ಭಾಗಗಳಾದ ಕತ್ತು, ಮುಂಗಾಲು, ಮೊಣಕಾಲಿನ ಕೆಳಗಿನ ಮಾಂಸದಲ್ಲಿ ಕೊಲಾಜೆನ್ ಹೆಚ್ಚು. ಬೆನ್ನಿನ ಮಾಂಸದಲ್ಲಿ ಕಡಿಮೆ. ವಯಸ್ಸಾದ ಟಗರಿನ ಕೊಲಾಜೆನ್ ಬೇಗ ಕರಗದು, ಎಳೆಯ ಮರಿಯದು ಬೇಗ ಕರಗುತ್ತದೆ. ಕೊಯ್ದು ನಾಲ್ಕಾರು ಗಂಟೆ ಹಾಗೇ ಇಟ್ಟ ಮಾಂಸ ಸೆಟೆದುಕೊಂಡಿರುವುದರಿಂದ ಇನ್ನೂ ತಡ. ನಮ್ಮ ಅಡುಗೆಯವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ಕತ್ತು ಮತ್ತು ಕಾಲಿನ ತುಂಡುಗಳನ್ನು ಮೊದಲು ಹಾಕಿ, ಬೆನ್ನು ಪಕ್ಕೆಗಳನ್ನು ಮುಕ್ಕಾಲು ಗಂಟೆ ತಡೆದು ಹಾಕಿದ್ದರು.

ಕೊನೆಗೆ ಆದದ್ದು ಇಷ್ಟು. ಹುಡುಗರ ಪಾಲನ್ನು ತೂತಿನ ಸೌಟಿನಿಂದ ಎತ್ತಿಕೊಂಡರು. ತಾತ ಮತ್ತು ಅವರ ವಯಸ್ಸಿನ ಏಳೆಂಟು ಮಂದಿಯ ಪಾಲಿನ ಮೆತ್ತನೆಯ ತುಂಡುಗಳು ಅಕ್ಕನ ಹತ್ತು ಲೀಟರ್ ಕುಕ್ಕರಿಗೆ ಹೋದವು. ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರು 115-120 ಡಿಗ್ರಿವರೆಗೂ ಏರುವುದರಿಂದ ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ. ಉಳಿದದ್ದು ಡಬರಿಯಲ್ಲೇ ಕುದಿಯಿತು. ಹಸಿ ಪರಂಗಿಕಾಯಿ ಹಾಕಬಹುದೇ ಎಂದು ಒಬ್ಬರು ಕೇಳಿದರು. ಹಾಕಬಹುದು. ಅದರಲ್ಲಿರುವ ಪಪೈನ್ ಪ್ರೋಟೀನನ್ನು ಒಡೆಯುತ್ತದೆ. ಆದರೆ ಅದು ಕೆಲಸ ಮಾಡುವುದು ಕುದಿಯುವ ಮುಂಚೆ, ಕುದಿ ಬಂದ ಮೇಲೆ ಅದೇ ನಾಶವಾಗುತ್ತದೆ. ಕುದಿಯುವ ಡಬರಿಗೆ ಪರಂಗಿ ಹೋಳು ಎಸೆದರೆ ಪ್ರಯೋಜನ ಕಡಿಮೆ, ಮೊದಲೇ ಅರೆದು ಹಚ್ಚಬೇಕು. ಅಡುಗೆ ಸೋಡಾ ಬೇಡ. ರಕ್ತದೊತ್ತಡದವರು ಎಲೆಗೆ ಮೂವರಲ್ಲಿ ಒಬ್ಬರಿರುವ ಪಂಕ್ತಿಯಲ್ಲಿ ಉಪ್ಪಿನ ಜೊತೆಗೆ ಇನ್ನಷ್ಟು ಸೋಡಿಯಂ ಯಾಕೆ?

ಹಲ್ಲಿಲ್ಲದ ಹಿರಿಯರ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಿಯಲಾರದ ತುಂಡನ್ನು ಮರ್ಯಾದೆಗೆ ಅಂಜಿ ಹಾಗೇ ನುಂಗುವವರಿದ್ದಾರೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎಂಜಲನ್ನೂ ನುಂಗಲಾಗದೆ ಆಸ್ಪತ್ರೆಗೆ ಬರುತ್ತಾರೆ. ಉಸಿರುನಾಳಕ್ಕೆ ಅಡ್ಡಬಂದರೆ ನಿಮಿಷಗಳ ಲೆಕ್ಕ. ಊಟಕ್ಕೆ ಕೂತವರು ಮಾತು ನಿಲ್ಲಿಸಿ ಗಂಟಲು ಹಿಡಿದುಕೊಂಡರೆ, ಕೆಮ್ಮಲೂ ಆಗದಿದ್ದರೆ, ಬಾಯಿಗೆ ನೀರು ಸುರಿಯಬೇಡಿ. ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ತುಂಡು ಹೊರಬರುವವರೆಗೆ ಎರಡನ್ನೂ ಸರದಿಯಲ್ಲಿ ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಣ್ಣೆ ಹಾಕಿ ಊಟಕ್ಕೆ ಕೂರುವವರಿಗೂ ಇದೇ ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಿರಿಯರಿಗೆ ಮಾಂಸವೇ ಬೇಡ, ಸಾರು ಸಾಕು ಎನ್ನುವುದೂ ತಪ್ಪು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅದಕ್ಕೆ ಪ್ರೋಟೀನು ಬೇಕು. ಪ್ರೋಟೀನು ಇರುವುದು ತುಂಡಿನಲ್ಲಿ. ಕಾಲು ಸೂಪಿನಿಂದ ಮುರಿದ ಮೂಳೆ ಕೂಡುತ್ತದೆಂದು ನಂಬಿರುವವರಿಗೂ ಒಂದು ಮಾತು: ಅದರಲ್ಲಿರುವುದು ಹೆಚ್ಚಾಗಿ ಜೆಲಾಟಿನ್. ಅದು ಪರಿಪೂರ್ಣ ಪ್ರೋಟೀನಲ್ಲ, ಸುಣ್ಣದ ಅಂಶವೂ ಅಲ್ಪವೇ. ನಮ್ಮ ರಾಗಿ ಮುದ್ದೆಯಲ್ಲಿ ಅದಕ್ಕಿಂತ ಹೆಚ್ಚು ಸುಣ್ಣವಿದೆ. ಬಿಸಿಬಿಸಿ ಸೂಪು ಕುಡಿಯುವ ಸುಖ ಬೇರೆ ಮಾತು.

ರುಚಿಗೆ ಬಿಡಬಾರದ ಕೆಲವು

ಈಲಿ, ಅಂದರೆ ಲಿವರ್, ಹೆಂಚಿನ ಮೇಲೆ ಎರಡು ಸಲ ಮಗುಚಿ ತಿನ್ನುವುದು ಕೊಯ್ದ ಜಾಗದಲ್ಲೇ ನಡೆಯುವ ಸಂಪ್ರದಾಯ. ಮಸಾಲೆಗಿಂತ ಮುಂಚೆ ಖಾಲಿಯಾಗುವುದೂ ಅದೇ. ಈಲಿ ಒಳಗೂ ಬೇಯಬೇಕು. ಬೋಟಿಯನ್ನು ಎಷ್ಟು ತೊಳೆದರೂ ಅದು ಕರುಳೇ, ಚೆನ್ನಾಗಿ ಕುದಿಯಬೇಕು. ಕೋಳಿಗೆ ಹಲ್ಲಿಗೆ ಸಿಗುವ ರಿಯಾಯಿತಿ ಇಲ್ಲ, ಮೂಳೆಯ ಪಕ್ಕದಲ್ಲೂ ಪೂರ್ತಿ ಬೆಂದಿರಬೇಕು. ಬಸುರಿಯರಿಗೆ ಅರೆಬೆಂದ ಯಾವ ಮಾಂಸವೂ ಬೇಡ. ಕುರಿಮಾಂಸದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಹೊಟ್ಟೆಯೊಳಗಿನ ಮಗುವಿನ ಕಣ್ಣು, ಮೆದುಳಿಗೆ ಅದು ಹಾನಿ ಮಾಡಬಲ್ಲದು. ಮಾಂಸ ಕೊಚ್ಚಿದ ದಿಮ್ಮಿಯ ಮೇಲೇ, ಅದೇ ಮಚ್ಚಿನಿಂದ ಈರುಳ್ಳಿ ಸೌತೆಕಾಯಿ ಹೆಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾರು ಕುದಿಯುತ್ತದೆ, ಸೌತೆಕಾಯಿ ಕುದಿಯುವುದಿಲ್ಲ.

ಇನ್ನೊಂದು, ಕುರಿ ಸಾಕುವ ನಮ್ಮ ಸೀಮೆಗೆ ವಿಶೇಷವಾಗಿ ಹೇಳಬೇಕಾದದ್ದು. ಕೊಯ್ದಾಗ ಶ್ವಾಸಕೋಶದಲ್ಲೋ ಈಲಿಯಲ್ಲೋ ನೀರು ತುಂಬಿದ ಗುಳ್ಳೆಗಳು ಕಂಡರೆ ಅದನ್ನು ಬೇಲಿಯಾಚೆ ನಾಯಿಗೆ ಎಸೆಯುತ್ತಾರೆ. ಅದು ಹೈಡಾಟಿಡ್ ಗುಳ್ಳೆಯಾಗಿರಬಹುದು. ನಾಯಿಯ ಕರುಳಲ್ಲಿ ಅದು ಚಿಕ್ಕ ಲಾಡಿಹುಳುವಾಗಿ ಬೆಳೆದು, ಮೊಟ್ಟೆಗಳು ಮಲದೊಡನೆ ಹೊರಬಂದು, ಮಣ್ಣು ಸೊಪ್ಪು ಕೈಗಳ ಮೂಲಕ ಮನುಷ್ಯನ ಹೊಟ್ಟೆ ಸೇರುತ್ತವೆ. ವರ್ಷಗಳ ಮೇಲೆ ಅದೇ ಗುಳ್ಳೆ ನಮ್ಮ ಲಿವರಿನಲ್ಲಿ ಬೆಳೆದಿರುತ್ತದೆ. ಆಳವಾಗಿ ಹೂಳಿ ಅಥವಾ ಸುಡಿ. ತಾನಾಗಿ ಸತ್ತ ಕುರಿಯನ್ನು ಕೊಯ್ದು ತಿನ್ನುವುದಂತೂ ಕೂಡದು. ನೆರಡಿ ರೋಗದಿಂದ ಸತ್ತಿದ್ದರೆ ಕೊಯ್ದವನ ಪ್ರಾಣಕ್ಕೇ ಸಂಚಕಾರ.

ಮುಚ್ಚಿಟ್ಟ ಡಬರಿ

ಹುಡುಗರ ಪಾಲನ್ನು ಎತ್ತಿ ಬಾಳೆ ಎಲೆ ಹಾಸಿದ ಮಂಕರಿಗೆ ಸುರಿದು ಬಟ್ಟೆ ಮುಚ್ಚಲು ಹೊರಟಾಗ ಮಾತ್ರ ನಾನು ಅಡ್ಡ ನಿಂತೆ. ಸಣ್ಣ ಪಾತ್ರೆಯಲ್ಲಿ ಸಾರಿನ ಸಮೇತ ಕೆಂಡದ ಮೇಲಿಡಲು ಹೇಳಿದೆ. ಇಷ್ಟು ಹೊತ್ತು ಸುಮ್ಮನಿದ್ದ ಡಾಕ್ಟ್ರು ಈಗೇಕೆ ಸಿಟ್ಟಾದರು ಎಂದು ಹುಡುಗರು ಮುಖ ನೋಡಿಕೊಂಡರು. ಅಕ್ಕನಿಗೆ ಮಾತ್ರ ಗೊತ್ತಿತ್ತು.

ಆರು ವರ್ಷದ ಹಿಂದೆ ನಮ್ಮದೇ ಮನೆಯಲ್ಲಿ ಊರಹಬ್ಬದ ಊಟ. ಚೆನ್ನಾಗಿಯೇ ಬೆಂದಿತ್ತು, ತಿಂದವರು ಯಾರೂ ಕೆಡಲಿಲ್ಲ. ರಾತ್ರಿ ಹತ್ತಕ್ಕೆ ಅರ್ಧ ಡಬರಿ ಸಾರು ಉಳಿದಿತ್ತು. ಒಲೆ ಆರಿಸಿ, ಬೆಕ್ಕು ಬಾಯಿ ಹಾಕದಿರಲೆಂದು ಮುಚ್ಚಳ ಮುಚ್ಚಿ ಮೇಲೆ ಕಲ್ಲು ಹೇರಿ ಮಲಗಿದೆವು. ಬೆಳಗ್ಗೆ ಆರಕ್ಕೂ ಡಬರಿ ಕೈಗೆ ಬೆಚ್ಚಗಿತ್ತು. "ಕೆಟ್ಟಿಲ್ಲ, ಘಮಘಮ ಅಂತಿದೆ" ಎಂದರು. ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ ಉಳಿದಿದ್ದ ನೆಂಟರೆಲ್ಲ ಮುದ್ದೆಯೊಡನೆ ಉಂಡರು. ಸಂಜೆ ಏಳರಿಂದ ಒಬ್ಬೊಬ್ಬರಿಗೇ ಹೊಟ್ಟೆ ನುಲಿತ, ನೀರಿನಂಥ ಭೇದಿ. ಜ್ವರವಿಲ್ಲ, ವಾಂತಿಯೂ ಹೆಚ್ಚಿಲ್ಲ. ಒಟ್ಟು 23 ಮಂದಿ. 22 ಮಂದಿ ಮಾರನೇ ದಿನ ಚೇತರಿಸಿಕೊಂಡರು. ದೊಡ್ಡಮ್ಮನಿಗೆ ಆಗ 78 ವರ್ಷ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಯಾರನ್ನೂ ಎಬ್ಬಿಸಬಾರದೆಂದು ರಾತ್ರಿಯೆಲ್ಲ ಒಬ್ಬರೇ ಹಿತ್ತಲಿಗೆ ಹೋಗಿ ಬಂದಿದ್ದಾರೆ, "ಹೊಟ್ಟೆ ಖಾಲಿ ಇರಲಿ" ಎಂದು ನೀರೂ ಕುಡಿದಿಲ್ಲ. ಬೆಳಿಗ್ಗೆ ನೋಡಿದಾಗ ಕಣ್ಣು ಗುಳಿಬಿದ್ದಿತ್ತು, ಮೂತ್ರ ನಿಂತಿತ್ತು, ನನ್ನನ್ನು ನಮ್ಮ ತಂದೆಯ ಹೆಸರಿನಿಂದ ಕರೆದರು. ತುಮಕೂರಿಗೆ ಸಾಗಿಸಿದೆವು. ಡ್ರಿಪ್ ಹಾಕಿಸಿಕೊಂಡು ಐದು ದಿನ ಮಲಗಿದ್ದರು. ಮೂತ್ರಪಿಂಡಗಳು ಮತ್ತೆ ಕೆಲಸ ಶುರುಮಾಡಿದ್ದು ಮೂರನೇ ದಿನ. ಆ ಡಬರಿಗೆ ಮುಚ್ಚಳ ಮುಚ್ಚಿದವನು ನಾನೇ.

ಮಲದ ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಸೂಕ್ಷ್ಮಜೀವಿಯ ಹೆಸರನ್ನು ಆಣೆಯಿಟ್ಟು ಹೇಳಲಾರೆ. ಆದರೆ ತಿಂದ ಹತ್ತು ಗಂಟೆಯ ಮೇಲೆ, ಜ್ವರವಿಲ್ಲದೆ, ನುಲಿತದೊಡನೆ ಭೇದಿ, ಅದೂ ದೊಡ್ಡ ಪಾತ್ರೆಯ ಮಾಂಸದ ಅಡುಗೆಯಿಂದ, ಇದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಲಕ್ಷಣ. ಈ ಬ್ಯಾಕ್ಟೀರಿಯಾ ಬೀಜಾಣುಗಳ ರೂಪದಲ್ಲಿ ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ, ಮಸಾಲೆ ಪದಾರ್ಥಗಳಲ್ಲಿ ಇರುತ್ತದೆ. ಬೀಜಾಣುಗಳು ಕುದಿದರೂ ಸಾಯುವುದಿಲ್ಲ. ಕುದಿತಕ್ಕೆ ಸಾರಿನಲ್ಲಿದ್ದ ಗಾಳಿ ಹೊರಹೋಗುತ್ತದೆ, ಗಾಳಿ ಬೇಡದ ಈ ಜೀವಿಗೆ ಅದೇ ಅನುಕೂಲ. ಸಾರು ತಣಿಯುತ್ತಾ 50 ಡಿಗ್ರಿಗಿಂತ ಕೆಳಗೆ ಇಳಿದಾಗ ಮೊಳೆಯುತ್ತದೆ. 43-45ರ ಸುಮಾರಿನಲ್ಲಿ ಹತ್ತೇ ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ಆ ವೇಗದಲ್ಲಿ ನಾಲ್ಕು ಗಂಟೆಗೆ 24 ದುಪ್ಪಟ್ಟು. ಒಂದು ಇದ್ದದ್ದು ಒಂದೂವರೆ ಕೋಟಿ ದಾಟುತ್ತದೆ. ಬಣ್ಣ, ರುಚಿ, ವಾಸನೆ ಏನೂ ಬದಲಾಗುವುದಿಲ್ಲ. ದೊಡ್ಡ ಡಬರಿ ಮುಚ್ಚಿಟ್ಟರೆ ರಾತ್ರಿಯಿಡೀ ಈ ಬೆಚ್ಚನೆಯ ಮಟ್ಟದಲ್ಲೇ ಇರುತ್ತದೆ. ಸಣ್ಣ ಚೆಂಬಿನ ಸಾರು ಬೇಗ ಆರಿದರೂ 40 ಲೀಟರಿನದು ಆರದು.

ಉಪಾಯ ಕಷ್ಟದ್ದಲ್ಲ. ಬಡಿಸುವವರೆಗೆ ಸಾರು 60 ಡಿಗ್ರಿಗಿಂತ ಮೇಲಿರಲಿ, ಅಂದರೆ ಬೆರಳಿಟ್ಟು ತಡೆಯಲಾರದಷ್ಟು ಬಿಸಿ, ಆವಿ ಏಳುತ್ತಿರಬೇಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ ತಟ್ಟೆ, ಬೇಸಿನ್ನುಗಳಿಗೆ ನಾಲ್ಕು ಬೆರಳಿನ ಆಳಕ್ಕೆ ಮೀರದಂತೆ ಹಂಚಿ, ನೀರಿನ ತೊಟ್ಟಿಯಲ್ಲಿಟ್ಟು ಆರಿಸಿ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜು ಇಲ್ಲವೇ? ಆವತ್ತೇ ಹಂಚಿಬಿಡಿ, ಮಿಕ್ಕದ್ದು ಗುಂಡಿಗೆ. ಮಾರನೇ ದಿನ ತಿನ್ನುವಾಗ ಬೆಚ್ಚಗೆ ಮಾಡಿದರೆ ಸಾಲದು, ಕದಡುತ್ತಾ ಕೊತಕೊತ ಕುದಿಸಬೇಕು. ಈ ಜೀವಿ ನಮ್ಮ ಕರುಳಿಗೆ ಹೋದ ಮೇಲೆ ವಿಷ ಬಿಡುವುದರಿಂದ ಚೆನ್ನಾಗಿ ಕುದಿಸಿದರೆ ರಕ್ಷಣೆಯುಂಟು. ಆದರೆ ಬಡಿಸುವವರ ಕೈಯ ಹುಣ್ಣಿನಿಂದ ಬರುವ ಸ್ಟೆಫೈಲೋಕಾಕಸ್‌ನ ವಿಷ ಆಹಾರದಲ್ಲೇ ತಯಾರಾಗಿರುತ್ತದೆ, ಕುದಿಸಿದರೂ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ಅದರ ಮೇಲೆ ಅನುಮಾನ.

ಭೇದಿಯಾದವರಿಗೆ ಹೊಟ್ಟೆ ಖಾಲಿ ಬಿಡಬೇಡಿ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದು, ಇಲ್ಲವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಾದಾಗಲೆಲ್ಲ ಒಂದು ಲೋಟ, ಗುಟುಕು ಗುಟುಕಾಗಿ. ಮಲದಲ್ಲಿ ರಕ್ತ, ಜ್ವರ, ಆರು ಗಂಟೆ ಮೂತ್ರವಿಲ್ಲದಿರುವುದು, ಮಂಪರು, ಇವು ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ. ರಕ್ತದೊತ್ತಡದ ಮಾತ್ರೆಯವರು, ಸಕ್ಕರೆ ಕಾಯಿಲೆಯವರು ಭೇದಿಯಿರುವಾಗ ಮಾತ್ರೆ ಮುಂದುವರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು.

ಆ ದಿನ ಬೀಗರ ತಾತ ಎಲೆಯ ಮೇಲಿನ ಕೊನೆಯ ಚೂರನ್ನೂ ಬಿಡಲಿಲ್ಲ, ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು. ಸಂಜೆ ಉಳಿದ ಸಾರನ್ನು ಹತ್ತು ಬೇಸಿನ್ನುಗಳಿಗೆ ಹಂಚಿ ಹಸುವಿನ ನೀರಿನ ತೊಟ್ಟಿಯನ್ನು ತೊಳೆಸಿ, ಹೊಸ ನೀರು ತುಂಬಿಸಿ, ಅದರಲ್ಲಿ ಇಳಿಸುತ್ತಿದ್ದೆವು. ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಾ ಕೂತಿದ್ದ ದೊಡ್ಡಮ್ಮ, ಈಗ ಅವರಿಗೆ 84, ಅಲ್ಲಿಂದಲೇ ಕೂಗಿ ಕೇಳಿದರು: "ಇವತ್ತು ಮುಚ್ಚಳ ಯಾರ ಕೈಲಿದೆಯಪ್ಪಾ?"